ಪತ್ತೇದಾರಿ ಕಾದಂಬರಿ ದುಃಶ್ರುತಿಯೆ?

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಯಾವ ಪ್ರಯೋಜನವೂ ಇಲ್ಲದೆ ಪಾಪಕ್ಕೆ ಎಡೆಗೊಡುವ ವ್ಯಾಪಾರಗಳಿಂದ ದೂರವಿರುವುದೇ ಅದರ ತಾತ್ಪರ್ಯ. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸುವಾಗ ದುಃಶ್ರುತಿಯನ್ನೂ ಹೇಳಿದ್ದಾರೆ. ಈ ಮಾತನ್ನೇ ಆಧಾರವಾಗಿಟ್ಟುಕೊಂಡು, ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಿಗೆ ಜೈನರ ಮನೆಯಲ್ಲಾಗಲಿ ಬಸದಿಯ ಆಶ್ರಯದಲ್ಲಿರುವ ವಾಚನಾಲಯದಲ್ಲಾಗಲಿ ಸ್ಥಾನವಿರಬಾರದೆಂದು ವಾದಿಸುವವರುಂಟು. ಕೊಲೆಯ ಕಥೆಯನ್ನು ಓದಿ ಸುಖಪಡುವವನಲ್ಲಿ ಅಹಿಂಸೆ ನೆಲೆಯೂರುವುದೆಂತು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಗಂಭೀರವಾದುದು, ಅವರು ಕೊಟ್ಟುಕೊಂಡಿರುವ ಉತ್ತರ ಮಾತ್ರ ಅವಸರದ್ದು.

ಎದುರು ಪಕ್ಷದವರ ಸಮಾಧಾನವೂ ಅಷ್ಟೇ ಅವಸರದ್ದು. ಇದು ಚದುರಂಗದಂತೆ ಬುದ್ಧಿಯ ಆಟ, ಇದರಲ್ಲಿ ಧರ್ಮಾಧರ್ಮದ ಪ್ರಶ್ನೆಯೇ ಇಲ್ಲವೆಂದು ಅವರು ಹೇಳುತ್ತಾರೆ. ಒಬ್ಬರು ಪುಸ್ತಕದಲ್ಲಿ ಹೆಣವನ್ನು ಮಾತ್ರ ಕಾಣುತ್ತಾರೆ, ಇನ್ನೊಬ್ಬರು ಒಗಟನ್ನು ಮಾತ್ರ. ಸಮಂತಭದ್ರರ ಲಕ್ಷಣವನ್ನು ಪೂರ್ತಿಯಾಗಿ ನೋಡಿದರೆ ಈ ಎರಡು ಪಕ್ಷಗಳೂ ನಿಲ್ಲುವುದಿಲ್ಲ. ರಾಗ, ದ್ವೇಷ, ಮದ, ಮಿಥ್ಯಾತ್ವ ಮೊದಲಾದವುಗಳಿಂದ ಚಿತ್ತವನ್ನು ಕಲಕುವ ಕಥೆಯೇ ದುಃಶ್ರುತಿ. ಆದುದರಿಂದ ಕಥೆಯಲ್ಲಿ ಏನು ನಡೆಯಿತೆಂಬುದಕ್ಕಿಂತಲೂ ಓದಿದವನ ಚಿತ್ತದಲ್ಲಿ ಏನು ಉಳಿಯಿತೆಂಬುದೇ ಒರೆಗಲ್ಲು.

ಕೊಲೆಯ ಪ್ರಸಂಗವಿದ್ದ ಮಾತ್ರಕ್ಕೆ ಕೃತಿ ತ್ಯಾಜ್ಯವೆಂದಾದರೆ, ಮೊದಲು ಹೊರಹೋಗಬೇಕಾದುದು ಜನ್ನನ ‘ಯಶೋಧರ ಚರಿತೆ’. ಅಲ್ಲಿ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಲ್ಲುತ್ತಾಳೆ. ಹಿಟ್ಟಿನ ಕೋಳಿಯ ಬಲಿಯಲ್ಲಿ ಜೀವಹತ್ಯೆಯೇ ನಡೆದಿಲ್ಲ. ಆದರೂ ಸಂಕಲ್ಪದ ಫಲವನ್ನು ತಾಯಿ ಮಗ ಇಬ್ಬರೂ ಭವಭವಗಳಲ್ಲಿ ಉಣ್ಣಬೇಕಾಯಿತು. ಈ ಕಾವ್ಯವನ್ನು ದುಃಶ್ರುತಿಯೆಂದವರು ಯಾರೂ ಇಲ್ಲ. ಹಿಂಸೆಯ ಮೂಲ ಭಾವದಲ್ಲಿದೆ ಎಂಬುದನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅದೇ ಒರೆಗಲ್ಲಿಗೆ ಇಂಗ್ಲಿಷ್ ಕಾದಂಬರಿಗಳನ್ನೂ ಹಚ್ಚುವುದು ನ್ಯಾಯ.

ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ 1868ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಅದೊಂದು. ಅದರ ಕಥೆ ಮೊದಲಾಗುವುದು 1799ರಲ್ಲಿ, ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ. ಒಂದು ಕಾಲದಲ್ಲಿ ದೇವರ ವಿಗ್ರಹದ ಹಣೆಯಲ್ಲಿದ್ದು, ಕಾಲಾಂತರದಲ್ಲಿ ಟಿಪ್ಪುವಿನ ಆಯುಧಶಾಲೆಯನ್ನು ಸೇರಿದ್ದ ವಜ್ರವನ್ನು ಇಂಗ್ಲಿಷ್ ಅಧಿಕಾರಿಯೊಬ್ಬ ರಕ್ತ ಹರಿಸಿ ಅಪಹರಿಸುತ್ತಾನೆ. ಸುಮಾರು ಐವತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ಯಾರ್ಕ್‌ಷೈರಿನ ಮನೆಯೊಂದರಿಂದ ಅದು ಕಾಣೆಯಾಗುತ್ತದೆ. ಸಂಶಯ ಮೊದಲು ಮೂವರು ಭಾರತೀಯರ ಮೇಲೆ ಬೀಳುತ್ತದೆ. ಬಳಿಕ, ಹಿಂದೆ ಕಳವಿಗಾಗಿ ಶಿಕ್ಷೆ ಅನುಭವಿಸಿದ್ದ ಮನೆಗೆಲಸದ ಹೆಣ್ಣು ರೊಸಾನಾ ಸ್ಪಿಯರ್‌ಮನ್ ಮೇಲೆ. ಆ ಸಂಶಯದ ನೆರಳಿನಲ್ಲಿ, ಹೇಳಿಕೊಳ್ಳಲಾಗದ ಪ್ರೇಮದ ಬೇಗೆಯಲ್ಲಿ ಬೆಂದು ಆಕೆ ಕಡಲಂಚಿನ ಹೂಳುಮರಳಿನಲ್ಲಿ ಪ್ರಾಣ ಬಿಡುತ್ತಾಳೆ.

ಕಟ್ಟಕಡೆಗೆ ತಿಳಿದುಬರುವ ಸತ್ಯವೇನು? ವಜ್ರವನ್ನು ಇದ್ದಲ್ಲಿಂದ ತೆಗೆದವನು ಫ್ರ್ಯಾಂಕ್ಲಿನ್ ಬ್ಲೇಕ್. ಅವನರಿವಿಗೆ ಬಾರದಂತೆ ಕುಡಿಸಿದ್ದ ಅಫೀಮಿನ ಮಂಪರಿನಲ್ಲಿ ಅವನು ಹಾಗೆ ಮಾಡಿದ್ದ. ಅದನ್ನು ತಿಳಿದೂ ತಿಳಿದೂ ಬಚ್ಚಿಟ್ಟುಕೊಂಡವನು ಗಾಡ್‌ಫ್ರೆ ಏಬಲ್‌ವೈಟ್. ಈತ ದಾನಧರ್ಮದ ಸಂಘಗಳ ಮುಂದಾಳು, ಸಭೆಗಳಲ್ಲಿ ಸೊಗಸಾಗಿ ಮಾತನಾಡುವ ಸಜ್ಜನ. ಒಬ್ಬ ಎಳೆಯನ ಹಿತಕ್ಕಾಗಿ ತನ್ನ ವಶದಲ್ಲಿರಿಸಿದ್ದ 20,000 ಪೌಂಡುಗಳನ್ನು ಒಳಗೊಳಗೇ ನುಂಗಿದ್ದ ಟ್ರಸ್ಟಿ. ಕೈಯಿಂದ ತೆಗೆದವನು ನಿರ್ದೋಷಿ, ಲೋಭದಿಂದ ಇಟ್ಟುಕೊಂಡವನು ಕಳ್ಳ. ಕಷಾಯವೇ ಪಾಪದ ಬೇರೆಂಬುದಕ್ಕೆ ಪರದೇಶದ ಲೇಖಕನಿಂದ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಿರೀಕ್ಷಿಸಲಾಗದು. ಕಥೆಯ ಕೊನೆಯಲ್ಲಿ ವಜ್ರ ಮತ್ತೆ ದೇವರ ಹಣೆಯನ್ನು ಸೇರುತ್ತದೆ. ದೇವದ್ರವ್ಯದ ಹೊಣೆ ಹೊತ್ತವರು ಈ ಪುಸ್ತಕವನ್ನು ವಾಚನಾಲಯದಿಂದ ಹೊರಗಿಡುವ ಮೊದಲು ಒಮ್ಮೆ ಓದುವುದು ಒಳಿತು. ಆಭರಣವೊಂದು ಕಾಣದಾದಾಗ ಕಾವಲುಗಾರನನ್ನೂ ಕಸ ಗುಡಿಸುವವಳನ್ನೂ ಮೊದಲು ನಿಲ್ಲಿಸಿ ಕೇಳುವ ವಾಡಿಕೆ ಇಂಗ್ಲೆಂಡಿಗೆ ಮಾತ್ರ ಸೀಮಿತವಾದುದಲ್ಲ.

ಕಾಲಿನ್ಸನು ಈ ಕಥೆಯನ್ನು ಒಬ್ಬನ ಬಾಯಲ್ಲಿ ಹೇಳಿಸಿಲ್ಲ. ಮನೆಯ ಹಳೆಯ ಆಳು, ವಕೀಲ, ಬಂಧುವರ್ಗದ ಮಹಿಳೆ, ವೈದ್ಯನ ಸಹಾಯಕ ಮುಂತಾದ ಹಲವರು ತಾವು ಕಂಡಷ್ಟನ್ನು ಮಾತ್ರ ಹೇಳುತ್ತಾರೆ. ಯಾರ ಮಾತೂ ಪೂರ್ಣ ಸತ್ಯವಲ್ಲ, ಪೂರ್ಣ ಸುಳ್ಳೂ ಅಲ್ಲ. ಕಾಲಿನ್ಸನಿಗೆ ಅನೇಕಾಂತ ತಿಳಿದಿತ್ತೆಂದು ಇದರ ಅರ್ಥವಲ್ಲ. ಆದರೆ ಒಂದೇ ನೋಟವನ್ನು ನಂಬಿ ತೀರ್ಪು ಕೊಡುವುದು ಅನ್ಯಾಯಕ್ಕೆ ದಾರಿಯೆಂಬ ಎಚ್ಚರ ಆ ರಚನೆಯಲ್ಲಿದೆ. ಎರಡು ಮಹಾಯುದ್ಧಗಳ ನಡುವಣ ಲೇಖಕರು ಈ ಎಚ್ಚರವನ್ನೇ ನಿಯಮವಾಗಿ ಮಾಡಿಕೊಂಡರು. ಪಾದ್ರಿಯೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮಗಳನ್ನು ಬರೆದನು: ದೊರೆತ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು, ಅತಿಮಾನುಷ ಶಕ್ತಿಯ ನೆರವು ಪಡೆಯಬಾರದು, ಪತ್ತೇದಾರನೇ ಅಪರಾಧವೆಸಗಬಾರದು, ಇತ್ಯಾದಿ. 1930ರಲ್ಲಿ ರೂಪುಗೊಂಡ ‘ಡಿಟೆಕ್ಷನ್ ಕ್ಲಬ್’ನ ಸದಸ್ಯರು ಇಂಥ ನಿಯಮಗಳಿಗೆ ಬದ್ಧರಾಗಿರುವುದಾಗಿ ವಿನೋದದ ಪ್ರತಿಜ್ಞೆಯನ್ನೂ ಸ್ವೀಕರಿಸುತ್ತಿದ್ದರು. ಈ ಕಾದಂಬರಿಗಳ ಆಕರ್ಷಣೆಯ ಗುಟ್ಟು ಇಲ್ಲಿದೆ. ಓದುಗನನ್ನು ಹಿಡಿದಿಡುವುದು ರಕ್ತವಲ್ಲ. ನಿರಪರಾಧಿಯ ತಲೆಯ ಮೇಲಿನ ಅಪವಾದ ಸರಿದುಹೋಗುವುದೆಂಬ ಭರವಸೆ. ಡೊರೊಥಿ ಸೇಯರ್ಸಳ ‘ಗಾಡಿ ನೈಟ್’ನಲ್ಲಿ (1935) ಕೊಲೆಯೇ ನಡೆಯುವುದಿಲ್ಲ, ಆದರೂ ಓದುಗ ಕೊನೆಯ ಪುಟದವರೆಗೆ ಬಿಡದೆ ಓದುತ್ತಾನೆ.

ಹಾಗೆಂದು ಈ ಕಾದಂಬರಿಗಳೆಲ್ಲ ನಿರ್ದೋಷವೆಂದು ಸಾರುವುದೂ ಸತ್ಯಕ್ಕೆ ದೂರ. ದೋಷವಿದೆ, ಆದರೆ ಆಕ್ಷೇಪಿಸುವವರು ಬೆರಳು ಮಾಡುವ ಕಡೆಯಲ್ಲಿಲ್ಲ. ಅಗಾಥಾ ಕ್ರಿಸ್ಟಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನಲ್ಲಿ (1934) ಮಗುವೊಂದರ ಕೊಲೆಗೆ ಕಾರಣನಾಗಿ ಕಾನೂನಿನಿಂದ ನುಣುಚಿಕೊಂಡವನೊಬ್ಬನನ್ನು ಹನ್ನೆರಡು ಮಂದಿ ಸೇರಿ ಇರಿಯುತ್ತಾರೆ. ಪತ್ತೇದಾರ ಪೊಯ್ರೊ ಸತ್ಯವನ್ನು ಕಂಡುಹಿಡಿದೂ ಪೊಲೀಸರಿಗೆ ಒಪ್ಪಿಸಲು ಬೇರೊಂದು ಸುಳ್ಳು ವಿವರಣೆಯನ್ನು ಮುಂದಿಡುತ್ತಾನೆ. ಪುಸ್ತಕ ಮುಚ್ಚುವಾಗ ಓದುಗನಿಗೆ ಹಿತವೆನಿಸುತ್ತದೆ. ಆ ಹಿತವೇ ಅನುಮೋದನೆ. ತಾನು ಮಾಡದೆ, ಮಾಡಿಸದೆ, ಮಾಡಿದುದಕ್ಕೆ ಮನಸ್ಸಿನಲ್ಲಿ ತಲೆದೂಗುವುದೂ ಹಿಂಸೆಯ ಪಾಲೇ. ಈ ಕಾದಂಬರಿಯಲ್ಲಿ ಚಿತ್ತ ಕಲಕುವ ಸ್ಥಳ ಮೊದಲ ಪುಟಗಳ ಹೆಣವಲ್ಲ, ಕೊನೆಯ ಪುಟದ ಸಂತೃಪ್ತಿ.

ಕ್ರಿಸ್ಟಿಗೂ ಈ ಅಳುಕು ಇದ್ದಿರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರೆದಿಟ್ಟು 1975ರಲ್ಲಿ ಪ್ರಕಟಿಸಿದ ‘ಕರ್ಟನ್’ನಲ್ಲಿ ನಾರ್ಟನ್ ಎಂಬವನಿದ್ದಾನೆ. ಅವನು ಯಾರನ್ನೂ ಕೊಲ್ಲುವುದಿಲ್ಲ. ಮೆಲುಮಾತಿನಿಂದ ಪರರ ಮನಸ್ಸಿಗೆ ವಿಷವೆರೆದು ಅವರಿಂದ ಕೊಲ್ಲಿಸುತ್ತಾನೆ. ಕಾನೂನಿಗೆ ಸಿಕ್ಕದ ಈ ಕಾರಿತ ಹಿಂಸೆಯನ್ನು ತಡೆಯಲು ಪೊಯ್ರೊ ತಾನೇ ಅವನನ್ನು ಕೊಲ್ಲುತ್ತಾನೆ, ಪತ್ತೇದಾರನೇ ಅಪರಾಧವೆಸಗಬಾರದೆಂಬ ನಿಯಮವನ್ನೂ ಮುರಿಯುತ್ತಾನೆ. ಆದರೆ ತಾನು ಮಾಡಿದ್ದು ಸರಿಯೆಂಬ ನಿಶ್ಚಯ ಅವನಿಗಿಲ್ಲ. ಆ ಸಂಶಯದಲ್ಲೇ ಸಾಯುತ್ತಾನೆ. ಸೇಯರ್ಸಳ ‘ಬಸ್‌ಮನ್ಸ್ ಹನಿಮೂನ್’ (1937) ಇನ್ನೂ ಒಂದು ಹೆಜ್ಜೆ ಮುಂದಿದೆ. ಅಪರಾಧಿಯನ್ನು ಹಿಡಿದುಕೊಟ್ಟ ಪೀಟರ್ ವಿಮ್ಸಿ ಅವನ ಪರವಾಗಿ ವಾದಿಸಲು ತಾನೇ ಒಳ್ಳೆಯ ವಕೀಲನನ್ನು ಗೊತ್ತುಮಾಡುತ್ತಾನೆ. ಗಲ್ಲಿನ ಗಳಿಗೆ ಸಮೀಪಿಸಿದಾಗ, ಆ ಸಾವಿನಲ್ಲಿ ತನ್ನ ಪಾಲೂ ಇದೆಯೆಂಬ ಸಂಕಟದಿಂದ ಕುಸಿದು ಅಳುತ್ತಾನೆ. ಗ್ರೇಟ್ ಬ್ರಿಟನ್ನಿನಲ್ಲಿ ಕೊಲೆಗೆ ಮರಣದಂಡನೆ ತಾತ್ಕಾಲಿಕವಾಗಿ ನಿಂತದ್ದು 1965ರಲ್ಲಿ, ಶಾಶ್ವತವಾಗಿ ರದ್ದಾದದ್ದು 1969ರಲ್ಲಿ. ಅದಕ್ಕೆ ಮೂರು ದಶಕಗಳ ಹಿಂದೆಯೇ ಒಬ್ಬ ಪತ್ತೇದಾರಿ ಲೇಖಕಿ ಆ ಹೊಣೆಯನ್ನು ನಾಯಕನ ಹೆಗಲ ಮೇಲಿಟ್ಟಿದ್ದಳು. ಚೆಸ್ಟರ್ಟನ್ನನ ಫಾದರ್ ಬ್ರೌನ್ ಕೊಲೆಗಾರನನ್ನು ಪತ್ತೆಹಚ್ಚುವ ವಿಧಾನವಂತೂ ಆತ್ಮಪರೀಕ್ಷೆಯೇ: ಆ ಪಾಪ ತನ್ನೊಳಗೂ ಹುಟ್ಟಬಹುದೆಂಬುದನ್ನು ಅವನು ಮೊದಲು ತನ್ನಲ್ಲೇ ಕಂಡುಕೊಳ್ಳುತ್ತಾನೆ.

ಉಳಿದವರಲ್ಲಿ ಹೆಚ್ಚಿನವರು ಈ ಎತ್ತರಕ್ಕೆ ಏರಲಿಲ್ಲ. ಅವರ ಪುಸ್ತಕಗಳಲ್ಲಿ ಸತ್ತವನಿಗಾಗಿ ಅಳುವವರಿಲ್ಲ. ಹೆಣ ಕಥೆಗೊಂದು ನೆಪವಷ್ಟೇ. ಕೊಲೆಗಾರನ ಹೆಸರು ಹೊರಬಿದ್ದೊಡನೆ ಉಳಿದವರೆಲ್ಲ ಶುದ್ಧರಾಗುತ್ತಾರೆ, ಓದುಗನೂ ಶುದ್ಧನಾದೆನೆಂದು ನೆಮ್ಮದಿಯಿಂದ ಮಲಗುತ್ತಾನೆ. ಪಾಪವೆಲ್ಲ ಒಬ್ಬನದೇ ಎಂಬ ಈ ಭ್ರಮೆಯೇ ಈ ಪ್ರಕಾರದ ನಿಜವಾದ ವಿಷ. ಜನ್ನನ ಕಾವ್ಯದಲ್ಲಿ ಕೊಂದವರಾರೆಂದು ತಿಳಿದ ಮೇಲೆಯೇ ಕಥೆಯ ಮುಖ್ಯ ಭಾಗ ತೊಡಗುತ್ತದೆ: ನವಿಲು, ನಾಯಿಯೆಂದು ತೊಡಗಿ ಜನ್ಮಜನ್ಮಾಂತರಗಳಲ್ಲಿ ಕರ್ಮ ಪಕ್ವವಾಗುತ್ತದೆ. ಇಂಗ್ಲಿಷ್ ಕಾದಂಬರಿ ಅದೇ ಜಾಗದಲ್ಲಿ ಮುಗಿದುಬಿಡುತ್ತದೆ.

ಆದುದರಿಂದ ಬಾಗಿಲು ಮುಚ್ಚುವುದು ಪರಿಹಾರವಲ್ಲ, ಕಣ್ಣು ಮುಚ್ಚಿ ತೆರೆದಿಡುವುದೂ ಅಲ್ಲ. ನಿಷೇಧಿಸಿದ ಪುಸ್ತಕವನ್ನು ಮಕ್ಕಳು ಮರೆಯಲ್ಲಿ ಓದುತ್ತಾರೆ; ಆಗ ಕೇಳಬೇಕಾದ ಪ್ರಶ್ನೆಗಳನ್ನು ಕೇಳುವವರು ಹತ್ತಿರವಿರುವುದಿಲ್ಲ. ಸಂಶಯ ಯಾರ ಮೇಲೆ ಮೊದಲು ಬಿತ್ತು, ಏಕೆ ಬಿತ್ತು? ಸತ್ತವನನ್ನು ನೆನೆದವರಾರು? ಕೊನೆಯ ಪುಟದಲ್ಲಿ ಮನಸ್ಸು ಯಾವುದಕ್ಕೆ ತಲೆದೂಗಿತು? ಮನೆಯ ಹಿರಿಯರು ಮಕ್ಕಳೊಡನೆ ಕುಳಿತು ಈ ಮೂರು ಪ್ರಶ್ನೆಗಳನ್ನು ಕೇಳಿದರೆ ಕಥೆ ಸ್ವಾಧ್ಯಾಯಕ್ಕೆ ನೆರವಾದೀತು. ಕೇಳದಿದ್ದರೆ ಪುರಾಣವೂ ದುಃಶ್ರುತಿಯಾದೀತು. ಟ್ರಸ್ಟಿಗಳಾದರೋ ಮೊದಲ ಪ್ರಶ್ನೆಯನ್ನು ಪುಸ್ತಕದ ಹೊರಗೂ ಕೇಳಿಕೊಳ್ಳಬೇಕು. ವಾಚನಾಲಯದ ಕಪಾಟನ್ನು ಶೋಧಿಸುವ ಉತ್ಸಾಹ ಲೆಕ್ಕಪುಸ್ತಕವನ್ನು ಶೋಧಿಸುವಾಗಲೂ ಇರಲಿ.