ಮಕ್ಕಳು ಧರ್ಮದ ವಕೀಲರಲ್ಲ

ಶಾಲೆಯಲ್ಲಿ ಮುಸ್ಲಿಂ ಮಕ್ಕಳು ತಮ್ಮ ಧರ್ಮವನ್ನು ಪ್ರತಿನಿಧಿಸುವುದು ಎರಡು ಬಗೆ. ರಂಜಾನ್ ಮುಗಿದ ಮೇಲೆ ಹುಡುಗಿಯೊಬ್ಬಳು ಡಬ್ಬಿಯಲ್ಲಿ ಸುರಕುಂಬಾ ತಂದು ಗೆಳತಿಯರಿಗೆ ಹಂಚುತ್ತಾಳೆ, ಉಪವಾಸದ ಬಗ್ಗೆ ಅವರು ಕೇಳಿದರೆ ತನಗೆ ತೋಚಿದಷ್ಟು ಹೇಳುತ್ತಾಳೆ. ಇದು ಅವಳಾಗಿ ಮಾಡುವುದು. ಇನ್ನೊಂದು ಬಲವಂತದ್ದು. ಇತಿಹಾಸದ ಪಾಠದಲ್ಲಿ ಘಜ್ನಿ ಮಹಮೂದನ ಹೆಸರು ಬಂದ ಕೂಡಲೇ ತರಗತಿಯ ಕಣ್ಣೆಲ್ಲ ಒಂದೇ ಬೆಂಚಿನತ್ತ ತಿರುಗುತ್ತವೆ. ‘ನಿಮ್ಮವರಲ್ಲಿ ನಾಲ್ಕು ಮದುವೆ ಆಗಬಹುದಂತಲ್ಲ, ಹೌದೇನೋ?’ ಎಂದು ಮೇಷ್ಟ್ರು ಎಲ್ಲರೆದುರೇ ಕೇಳುತ್ತಾರೆ. ಕ್ರಿಕೆಟ್ ಪಂದ್ಯದ ಮರುದಿನ, ಯಾರು ಗೆದ್ದರೆ ನಿನಗೆ ಖುಷಿ ಎಂಬ ವಿಚಾರಣೆ. ಏಳನೇ ತರಗತಿಯ ಹುಡುಗ ಸಾವಿರ ವರ್ಷದ ಚರಿತ್ರೆಗೂ ನಿನ್ನೆಯ ಆಟಕ್ಕೂ ಜವಾಬು ಹೇಳಬೇಕು. ಪಕ್ಕದಲ್ಲಿ ಕೂತ ಹಿಂದೂ ಹುಡುಗನನ್ನು ಬಾಲ್ಯವಿವಾಹಕ್ಕೋ ವರದಕ್ಷಿಣೆಗೋ ಯಾರೂ ಉತ್ತರ ಕೇಳುವುದಿಲ್ಲ. ಮೊದಲನೆಯದು ವಿದ್ಯಾರ್ಥಿಯ ಹಕ್ಕು, ಎರಡನೆಯದು ಶಾಲೆ ಎಸಗುವ ಅನ್ಯಾಯ.

ಈ ಅನ್ಯಾಯ ಸರ್ಕಾರಿ ಕಾಗದದ ಮೇಲೆ ಬಂದದ್ದು 2022ರಲ್ಲಿ. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಂದಿನ ಡಿಸೆಂಬರ್‌ನಲ್ಲೇ ಹಿಜಾಬ್ ತೊಟ್ಟವರನ್ನು ತರಗತಿಯಿಂದ ಹೊರಗಿಡಲಾಗಿತ್ತು; ಫೆಬ್ರುವರಿಯಲ್ಲಿ ಕುಂದಾಪುರದ ಕಾಲೇಜೊಂದರ ಗೇಟೇ ಮುಚ್ಚಿತು. ಫೆಬ್ರುವರಿ 5ರ ಸರ್ಕಾರಿ ಆದೇಶ ಪಿಯು ಕಾಲೇಜುಗಳ ಸಮವಸ್ತ್ರ ನಿರ್ಧರಿಸುವ ಅಧಿಕಾರವನ್ನು ಕಾಲೇಜು ಅಭಿವೃದ್ಧಿ ಸಮಿತಿಗಳ ಕೈಗಿಟ್ಟಿತು. ಈ ಸಮಿತಿಗಳ ಅಧ್ಯಕ್ಷರು ಕ್ಷೇತ್ರದ ಶಾಸಕರು. ಹುಡುಗಿಯ ತಲೆಯ ಮೇಲೆ ಏನಿರಬೇಕೆಂಬುದು ಹೀಗೆ ಚುನಾವಣೆಗೆ ನಿಲ್ಲುವವರ ತೀರ್ಮಾನವಾಯಿತು. ಆ ವರ್ಷ ಪದವಿಪೂರ್ವ ಇಲಾಖೆಯದೇ ಮಾರ್ಗಸೂಚಿ ಸಮವಸ್ತ್ರ ಕಡ್ಡಾಯವಲ್ಲ ಎಂದಿತ್ತು. ಶಿಕ್ಷಣ ಸಂಸ್ಥೆಗಳ ಕುರಿತ 1995ರ ನಿಯಮಗಳ ಪ್ರಕಾರ ಸಮವಸ್ತ್ರ ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮುಂಚೆ ತಿಳಿಸಬೇಕು. ಹುಡುಗಿಯರ ಪರ ಹಿರಿಯ ವಕೀಲ ರವಿವರ್ಮ ಕುಮಾರ್ ಇವೆರಡನ್ನೂ ಹೈಕೋರ್ಟಿನ ಮುಂದಿಟ್ಟರು. ಬಳೆ, ಬಿಂದಿ, ಶಿಲುಬೆ, ಪೇಟ ಇವು ಯಾವುವೂ ಕಣ್ಣಿಗೆ ಬೀಳದಿದ್ದಾಗ ಹಿಜಾಬ್ ಒಂದೇ ಏಕೆ ಎಂದೂ ಕೇಳಿದರು.

ನ್ಯಾಯಾಲಯ ಬೇರೆ ಪ್ರಶ್ನೆ ಹಿಡಿದು ಹೊರಟಿತು: ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯೇ? ಅಬ್ದುಲ್ಲಾ ಯೂಸುಫ್ ಅಲಿಯವರ ಕುರಾನ್ ವ್ಯಾಖ್ಯಾನವನ್ನು ಆಧರಿಸಿ, ಅಲ್ಲ ಎಂದು ಮಾರ್ಚ್ 15ರಂದು ಉತ್ತರಿಸಿತು. ಪಾಠ ಕೇಳಲು ಬಂದ ಹದಿನೇಳರ ಹುಡುಗಿಯರು ಧರ್ಮಶಾಸ್ತ್ರದ ವಾದ ಸೋತದ್ದಕ್ಕೆ ಬೆಂಚು ಕಳೆದುಕೊಂಡರು.

ಈ ‘ಅತ್ಯಗತ್ಯ ಆಚರಣೆ’ಯ ಮೂಲ ಇರುವುದೂ ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಮೊಕದ್ದಮೆಯಲ್ಲೇ. ಮಠದ ಆಡಳಿತದಲ್ಲಿ ಕೈಹಾಕಿದ ಮದ್ರಾಸ್ ಸರ್ಕಾರದ ಕಾಯ್ದೆಯ ವಿರುದ್ಧ ಶ್ರೀ ಲಕ್ಷ್ಮೀಂದ್ರ ತೀರ್ಥರು ನಡೆಸಿದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. ಧರ್ಮವೊಂದರ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮೊದಲಿಗೆ ಆ ಧರ್ಮದ ಸಿದ್ಧಾಂತಗಳಿಂದಲೇ ಅರಿಯಬೇಕು ಎಂದು ನ್ಯಾ. ಬಿ.ಕೆ. ಮುಖರ್ಜಿ ಬರೆದರು. ಸರ್ಕಾರವನ್ನು ದೂರವಿಡಲು ಹೇಳಿದ ಮಾತು ಅದು. 1961ರ ಅಜ್ಮೀರ್ ದರ್ಗಾ ಪ್ರಕರಣದಲ್ಲಿ ನ್ಯಾ. ಗಜೇಂದ್ರಗಡ್ಕರ್ ಮೂಢನಂಬಿಕೆಯಿಂದ ಬಂದದ್ದನ್ನು ಬೇರ್ಪಡಿಸಬೇಕೆಂದರು. ಅಲ್ಲಿಂದ ಮುಂದೆ ಜರಡಿ ಹಿಡಿಯುವ ಕೆಲಸ ನ್ಯಾಯಾಧೀಶರ ಪಾಲಿಗೆ ಬಂತು. ಮಠಕ್ಕೆ ರಕ್ಷಣೆಯಾಗಿದ್ದ ಮಾತು ಅದೇ ಊರಿನ ವಿದ್ಯಾರ್ಥಿನಿಯರ ಪಾಲಿಗೆ ತಡೆಗೋಡೆಯಾದದ್ದು ಹೀಗೆ.

ಬೇರೆ ದಾರಿ ಇತ್ತು. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಮರುವರ್ಷ ಬಿಜೋಯ್ ಇಮ್ಯಾನುಯೆಲ್ ಪ್ರಕರಣದಲ್ಲಿ ನ್ಯಾ. ಚಿನ್ನಪ್ಪ ರೆಡ್ಡಿ ಮುಖ್ಯವಾಗಿ ನೋಡಿದ್ದು ನಂಬಿಕೆ ಪ್ರಾಮಾಣಿಕವೇ ಎಂಬುದನ್ನು. ಪ್ರಾಮಾಣಿಕವಾಗಿತ್ತು, ಮಕ್ಕಳು ಶಾಲೆಗೆ ಮರಳುವ ಹಕ್ಕು ಪಡೆದರು. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ದಕ್ಷಿಣ ಭಾರತ ಮೂಲದ ಹಿಂದೂ ಹುಡುಗಿಯ ಮೂಗುತಿಯನ್ನು ಶಾಲೆ ಬೇಡವೆಂದಿತು. ಅವರ ಮನೆಯಲ್ಲಿ ಹುಡುಗಿ ದೊಡ್ಡವಳಾದಾಗ ಮೂಗು ಚುಚ್ಚಿಸುವುದು, ಹದಿನಾರು ತುಂಬಿದಾಗ ಅಜ್ಜಿ ಚಿನ್ನದ ಮೂಗುತಿ ತೆಗೆದು ವಜ್ರದ್ದು ತೊಡಿಸುವುದು ರೂಢಿ. ಮೂಗುತಿ ಹಿಂದೂ ಧರ್ಮದಲ್ಲಿ ಕಡ್ಡಾಯವೆಂದು ಯಾರೂ ವಾದಿಸಲಿಲ್ಲ. ಕಡ್ಡಾಯವಿರಬೇಕಿಲ್ಲ, ಅವಳ ಬದುಕಿನ ಭಾಗವಾಗಿದ್ದರೆ ಸಾಕು ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2007ರಲ್ಲಿ ಹೇಳಿತು. ಬೆಂಗಳೂರಿನ ಹೈಕೋರ್ಟಿನಲ್ಲಿ ಈ ತೀರ್ಪನ್ನು ಉಲ್ಲೇಖಿಸಿದರೂ ಫಲ ಸಿಗಲಿಲ್ಲ.

2022ರ ಅಕ್ಟೋಬರ್ 13ರಂದು, ಮೇಲ್ಮನವಿ ಆಲಿಸಿದ ಸುಪ್ರೀಂ ಕೋರ್ಟಿನ ಪೀಠ ಒಡೆಯಿತು. ನ್ಯಾ. ಹೇಮಂತ್ ಗುಪ್ತಾ ಸರ್ಕಾರದ ಆದೇಶವನ್ನು ಒಪ್ಪಿದರು. ನ್ಯಾ. ಸುಧಾಂಶು ಧೂಲಿಯಾ ಅತ್ಯಗತ್ಯದ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ ಎಂದರು. ಮನೆಗೆಲಸದಲ್ಲಿ ತಾಯಿಗೆ ನೆರವಾಗಿ ಆಮೇಲೆ ಚೀಲ ಹೆಗಲಿಗೇರಿಸುವ ಹಳ್ಳಿಯ ಹುಡುಗಿಗೆ ಇನ್ನೊಂದು ಅಡ್ಡಿ ಒಡ್ಡಿ ಅವಳ ಬದುಕು ಸುಧಾರಿಸಿದಂತಾಯಿತೇ ಎಂದು ಕೇಳಿದರು. ಈ ಪತ್ರಿಕೆ ಧೂಲಿಯಾ ಅವರ ಪಕ್ಷ. ಅಷ್ಟರಲ್ಲಿ ನಷ್ಟ ಆಗಿಹೋಗಿತ್ತು. ಏಪ್ರಿಲ್‌ನಲ್ಲಿ ಉಡುಪಿಯ ಪರೀಕ್ಷಾ ಕೇಂದ್ರದಿಂದ ಹುಡುಗಿಯರಿಬ್ಬರು ದ್ವಿತೀಯ ಪಿಯು ಪರೀಕ್ಷೆ ಬರೆಯದೆ ಹಿಂದಿರುಗಿದ್ದರು. ಹಿಜಾಬ್ ತೊಟ್ಟವರಿಗೆ ಎಸ್ಸೆಸ್ಸೆಲ್ಸಿ ಬರೆಯಲು ಬಿಟ್ಟ ಗದಗದ ಶಿಕ್ಷಕರು ಅಮಾನತಾಗಿದ್ದರು.

ಪ್ರಗತಿಪರರೆಂದು ಹೇಳಿಕೊಳ್ಳುವ ಕೆಲವರು ಆಗ ಹಿಡಿದ ರಾಗವನ್ನು ಮರೆಯಲಾಗದು. ಪರದೆ ಪುರುಷಪ್ರಧಾನತೆಯ ಕುರುಹು, ಮುಸ್ಲಿಂ ಹೆಣ್ಣುಮಕ್ಕಳು ಮೊದಲು ಅದನ್ನು ಕಿತ್ತೊಗೆಯಲಿ ಎಂದು ಬರೆದವರು ಲೇಖಕಿ ಸಾರಾ ಅಬೂಬಕ್ಕರ್ ಅವರನ್ನು ಸಾಕ್ಷಿಗೆ ಎಳೆದರು. ಸಾರಾ ಪುರೋಹಿತಶಾಹಿಯನ್ನು ಎದುರು ಹಾಕಿಕೊಂಡದ್ದು ನಿಜ. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ತಲಾಖಿನ ಕ್ರೌರ್ಯ ಕನ್ನಡದ ಮನೆಮನೆಗೆ ತಲುಪಿತು. ಆದರೆ ಅವರು ಬರೆಯಬಲ್ಲವರಾದದ್ದು ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ್ದರಿಂದ. ಎಂಟು ವರ್ಷದ ಬಾನು ಮುಷ್ತಾಕ್ ಅವರನ್ನು ಶಿವಮೊಗ್ಗದ ಮಿಷನರಿ ಶಾಲೆ ಸೇರಿಸಿಕೊಂಡಾಗ ಹಾಕಿದ ಷರತ್ತು ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬುದು. ಕೆಲವೇ ದಿನಗಳಲ್ಲಿ ಹುಡುಗಿ ಬರೆಯತೊಡಗಿದಳು. 2025ರಲ್ಲಿ ಕನ್ನಡಕ್ಕೆ ಮೊದಲ ಅಂತರರಾಷ್ಟ್ರೀಯ ಬೂಕರ್ ತಂದಳು. ಮುಲ್ಲಾಗಳನ್ನು ಪ್ರಶ್ನಿಸುವ ಹೆಣ್ಣುಮಕ್ಕಳು ಬೇಕೆನ್ನುವವರು ಅವರನ್ನು ಮೊದಲು ತರಗತಿಯೊಳಗೆ ಕೂರಲು ಬಿಡಬೇಕು.



2023ರ ಡಿಸೆಂಬರ್‌ನಲ್ಲಿ ಹಿಜಾಬ್ ನಿರ್ಬಂಧ ವಾಪಸು ಪಡೆಯುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿ, ಮರುದಿನವೇ ಪರಿಶೀಲನೆಯಲ್ಲಿದೆ ಎಂದರು. ಆದೇಶ ವಾಪಸಾದರಷ್ಟೇ ಸಾಲದು, ಇನ್ನೊಂದು ಸರ್ಕಾರ ಅದನ್ನು ಮತ್ತೆ ಹೊರಡಿಸಬಹುದು. ಶಾಸಕರು ಸಮಿತಿಗಳ ಅಧ್ಯಕ್ಷ ಸ್ಥಾನ ಬಿಡಬೇಕು. ಸಮವಸ್ತ್ರದ ಬಣ್ಣದ್ದೇ ದುಪಟ್ಟಾವನ್ನು ತಲೆಗೆ ಹೊದೆಯುವುದು ಸಮವಸ್ತ್ರದ ಉಲ್ಲಂಘನೆಯಲ್ಲ ಎಂದು 1995ರ ನಿಯಮಗಳಲ್ಲೇ ಸೇರಿಸಬೇಕು. ಹುಡುಗಿಯರು ಕೋರ್ಟಿನಲ್ಲಿ ಕೇಳಿದ್ದೂ ಅಷ್ಟೇ. ವಿದ್ಯಾರ್ಥಿಯನ್ನು ಧರ್ಮದ ಹೆಸರಲ್ಲಿ ಎಲ್ಲರೆದುರು ವಿಚಾರಿಸುವುದು ಶಿಸ್ತುಕ್ರಮಕ್ಕೆ ಅರ್ಹವಾದ ತಪ್ಪೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಬೇಕು, ಶಿಕ್ಷಕರ ತರಬೇತಿಯಲ್ಲಿ ಅದನ್ನು ಕಲಿಸಬೇಕು.