ಫಿರಂಗಿ ಇಟ್ಟು ಸಾಲ ವಸೂಲಿ

ರೈತ ಬಾಂಧವರೇ, ಯುದ್ಧ ಅಂದರೆ ದೇಶದ ಮಾನ ಕಾಯೋದು ಅಂತಾರೆ. 1840ರಲ್ಲಿ ಬ್ರಿಟಿಷ್ ದಂಡು ಚೀನಾದ ಮೇಲೆ ಬಿದ್ದದ್ದು ಯಾವ ಮಾನಕ್ಕೆ? ಅಫೀಮಿನ ಲಾಭಕ್ಕೆ! ಬಿಹಾರದ ರೈತರನ್ನು ಕಂಪನಿ ಸರ್ಕಾರ ಮುಂಗಡದಲ್ಲಿ ಕಟ್ಟಿಹಾಕಿ, ಅಫೀಮು ಬೆಳೆಸಿ, ತಾನು ಹೇಳಿದ ಬೆಲೆಗೆ ತಾನೇ ಕೊಳ್ಳುತ್ತಿತ್ತು. (ನಮಗೇನು ಹೊಸದೇ ಇದು?) ವ್ಯಾಪಾರಿಗಳು ಅದನ್ನು ಚೀನಾಕ್ಕೆ ಕದ್ದು ಸಾಗಿಸುತ್ತಿದ್ದರು. 1839ರಲ್ಲಿ ಚೀನಾ 20 ಸಾವಿರಕ್ಕೂ ಮಿಕ್ಕಿ ಪೆಟ್ಟಿಗೆ ನಾಶಮಾಡಿತು. ಅದೇ ವರ್ಷ ಅಫೀಮು ವ್ಯಾಪಾರಿ ಜಾರ್ಡಿನ್ ಲಂಡನ್ನಿನಲ್ಲಿ ಮಂತ್ರಿ ಪಾಮರ್‌ಸ್ಟನ್‌ಗೆ ಎಷ್ಟು ಹಡಗು, ಎಷ್ಟು ಸೈನ್ಯ ಬೇಕೆಂದು ಲೆಕ್ಕ ಒಪ್ಪಿಸಿದ. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಚೀನಾದ ತಲೆಗೆ ಕಟ್ಟಿದ್ದು ನೋಡಿ: ಅಫೀಮಿಗೆ 60 ಲಕ್ಷ ಡಾಲರ್, ಚೀನೀ ವರ್ತಕರ ಹಳೇ ಸಾಲಕ್ಕೆ 30 ಲಕ್ಷ, ದಂಡು ತಂದ ಖರ್ಚಿಗೆ 1 ಕೋಟಿ 20 ಲಕ್ಷ. ಹೊಡೆತ ತಿಂದವನೇ ಹೊಡೆದವನಿಗೆ ಕೂಲಿ ಕೊಡಬೇಕು! ಸಾಲದ್ದಕ್ಕೆ ಹಾಂಗ್‌ಕಾಂಗ್ ದ್ವೀಪವನ್ನೂ ಬರೆಸಿಕೊಂಡರು.