ಬಂದೂಕು ಹೋಯಿತು, ವಹಿ ಉಳಿಯಲಿ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇವೆರಡರ ಜೊತೆಗೆ ಮೂರನೆಯದೊಂದನ್ನು ಸೇರಿಸಬೇಕೆಂದು ನಮಗೆ ತೋರುತ್ತದೆ. ಸುತ್ತಿ ಕಂಡದ್ದನ್ನು ಬರೆದಿಡಬೇಕು. ಅದರಲ್ಲಿಯೂ ಜಿಂಕೆ, ಕಡವೆಗಳನ್ನು ನೋಡಲೆಂದು ಕಾಡಿಗೆ ಹೋಗುವವರು ಪ್ರತಿ ಸಲ ಹೋಗಿಬಂದದ್ದನ್ನೂ ಒಂದು ವಹಿಯಲ್ಲಿ ತಪ್ಪದೆ ದಾಖಲಿಸಬೇಕು. ಏನೂ ಕಾಣದೆ ಬರಿಗಣ್ಣಿನಲ್ಲಿ ಮರಳಿದ ದಿನವನ್ನಂತೂ ಬಿಡಲೇಬಾರದು. ಈ ಮಾತನ್ನು ವಿದ್ಯಾರ್ಥಿ ಮಿತ್ರರ ಹಾಗೂ ಪಾಲಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಕೊಲ್ಹಾಪುರವು ಒಂದು ಕಾಲಕ್ಕೆ ಶಿಕಾರಿಗೆ ಹೆಸರಾದ ಸಂಸ್ಥಾನ. ಹಿಂದುಳಿದವರ ಶಿಕ್ಷಣಕ್ಕಾಗಿ ದುಡಿದ ಛತ್ರಪತಿ ಶಾಹು ಮಹಾರಾಜರು (1874–1922) ಒಳ್ಳೆಯ ಶಿಕಾರಿಗಳೂ ಆಗಿದ್ದರು. ಪಳಗಿಸಿದ ಚೀತಾಗಳನ್ನು, ಅಂದರೆ ಸಿವಂಗಿಗಳನ್ನು, ಮಾಳಕ್ಕೆ ಒಯ್ದು ಕೃಷ್ಣಮೃಗಗಳ ಹಿಂಡಿನ ಮೇಲೆ ಬಿಡುವ ಬೇಟೆ ಇಲ್ಲಿ ನಡೆಯುತ್ತಿತ್ತು. ನಮ್ಮ ದೇಶದ ಚೀತಾಗಳು ಸಿಕ್ಕದಂತಾದಾಗ ಆಫ್ರಿಕದಿಂದ ತರಿಸಿಕೊಂಡ ಸಂಸ್ಥಾನಗಳಲ್ಲಿ ಕೊಲ್ಹಾಪುರವೂ ಒಂದು. ದಾಜಿಪುರದ ಕಾಡು ಅರಸರ ಶಿಕಾರಿಗೆಂದೇ ಕಾದಿಟ್ಟ ಕಾಡಾಗಿತ್ತು. ಕೊಲ್ಹಾಪುರದ ಹೊಸ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋದವರೆಲ್ಲ ಆ ಕಾಲದ ಶಿಕಾರಿಯ ಗುರುತುಗಳನ್ನು ಕಣ್ಣಾರೆ ಕಂಡಿರುತ್ತಾರೆ.

ಆ ಕಾಲ ಮುಗಿಯಿತು. 1952ರಲ್ಲಿ ಭಾರತದಿಂದ ಚೀತಾ ನಿರ್ನಾಮವಾಯಿತೆಂದು ಸರ್ಕಾರವೇ ಸಾರಿತು. 2022ರಲ್ಲಿ ನಮೀಬಿಯದಿಂದ 8 ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋ ಕಾಡಿನಲ್ಲಿ ಬಿಡಬೇಕಾಯಿತು. ದಾಜಿಪುರದ ಕಾಡು 1958ರಲ್ಲಿ ಅಭಯಾರಣ್ಯವಾಯಿತು. 1985ರಲ್ಲಿ ಅದು ಹಿಗ್ಗಿ ಸುಮಾರು 351 ಚದರ ಕಿಲೋಮೀಟರಿನ ರಾಧಾನಗರಿ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಗೆ ಕಡಿವಾಣ ಹಾಕಿತು. ಕೃಷ್ಣಮೃಗವು ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದ್ದು, ಅದನ್ನು ಕೊಂದವರಿಗೆ ಕನಿಷ್ಠ 3 ವರ್ಷದ ಸೆರೆವಾಸವಿದೆ. ಬಂದೂಕು ಹಿಡಿಯುವುದಷ್ಟೇ ಅಲ್ಲ, ಉರುಲು ಒಡ್ಡುವುದೂ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ.

ಹಾಗಿದ್ದರೂ ಹಳೆಯ ಶಿಕಾರಿಗಳಿಂದ ನಾವು ಕಲಿಯಬೇಕಾದದ್ದು ಸ್ವಲ್ಪ ಇದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಅದಕ್ಕೆ ಎದುರಾಗಿ ನಡೆಯುವುದು, ಒಣ ಎಲೆಯ ಮೇಲೆ ಸದ್ದಾಗದಂತೆ ಕಾಲಿಡುವುದು, ಕೆಸರಿನಲ್ಲಿ ಮೂಡಿದ ಗೊರಸನ್ನು ಓದುವುದು, ತಾಸುಗಟ್ಟಲೆ ಅಲುಗಾಡದೆ ಕೂರುವುದು—ಇವೆಲ್ಲ ಅವರಿಗೆ ಕರಗತವಾಗಿದ್ದವು. ಅವರಲ್ಲಿ ಹಲವರು ಮನೆಗೆ ಬಂದ ಮೇಲೆ ದಿನಚರಿ ಬರೆಯುತ್ತಿದ್ದರು. ದಿನಾಂಕ, ಸ್ಥಳ, ಹೊಡೆದ ಪ್ರಾಣಿ, ಕೊಂಬಿನ ಉದ್ದ ಎಷ್ಟು ಇಂಚು ಎಂಬುದೆಲ್ಲ ಅದರಲ್ಲಿರುತ್ತಿತ್ತು. ಲಂಡನ್ನಿನ ರೋಲೆಂಡ್ ವಾರ್ಡ್ ಎಂಬವರು ಇಂಥ ಅಳತೆಗಳದೇ ಒಂದು ದೊಡ್ಡ ಗ್ರಂಥವನ್ನು 1892ರಲ್ಲಿ ಹೊರತಂದರು. ಮುಂದೆ ಅದು ಅನೇಕ ಆವೃತ್ತಿಗಳನ್ನು ಕಂಡಿತು.

ಆದರೆ ಆ ದಿನಚರಿಗಳಲ್ಲಿ ಒಂದು ಕೊರತೆಯಿತ್ತು. ಹೊಡೆದದ್ದಕ್ಕೆ ಅಲ್ಲಿ ಜಾಗವಿತ್ತು, ಕಾಣದ್ದಕ್ಕೆ ಇರಲಿಲ್ಲ. ಉದ್ದ ಕೊಂಬಿನ ಗಂಡಿಗೆ ಸಾಲು ಸಾಲು ವರ್ಣನೆ. ಹೆಣ್ಣು, ಮರಿಗಳ ಲೆಕ್ಕವೇ ಇಲ್ಲ. ಅಂಥ ಪುಸ್ತಕ ಬರೆದವನ ಹೆಮ್ಮೆಯನ್ನು ತಿಳಿಸುತ್ತದೆಯೇ ಹೊರತು ಹಿಂಡಿನ ಗತಿಯನ್ನು ತಿಳಿಸುವುದಿಲ್ಲ. ಹಿಂಡು ಕರಗುತ್ತಿದ್ದರೂ ಪುಸ್ತಕ ತುಂಬುತ್ತಲೇ ಇರುತ್ತದೆ.

ಇದನ್ನು ಒಂದು ಚಿಕ್ಕ ಲೆಕ್ಕದಿಂದ ನೋಡೋಣ. ಒಬ್ಬ ಹುಡುಗ ಒಂದು ವರ್ಷ ಒಂದೇ ದಾರಿಯಲ್ಲಿ 10 ಸಲ ಕಾಡಿಗೆ ಹೋಗಿ 6 ಸಲ ಕಡವೆಯನ್ನು ಕಂಡನೆನ್ನಿ. ಐದು ವರ್ಷಗಳ ನಂತರ ಅದೇ ದಾರಿಯಲ್ಲಿ 20 ಸಲ ಹೋದಾಗಲೂ 6 ಸಲ ಕಂಡನೆನ್ನಿ. ಕಂಡ ದಿನಗಳನ್ನಷ್ಟೇ ಬರೆದಿಟ್ಟಿದ್ದರೆ ಎರಡೂ ವರ್ಷ ಆರಕ್ಕೆ ಆರು; ಕಾಡು ಇದ್ದಂತೆಯೇ ಇದೆ ಎಂದು ಅವನು ನೆಮ್ಮದಿಯಿಂದ ಮಲಗುತ್ತಾನೆ. ಕಾಣದ ದಿನಗಳನ್ನೂ ಬರೆದಿದ್ದರೆ ನೂರಕ್ಕೆ 60 ಇದ್ದದ್ದು 30ಕ್ಕೆ ಇಳಿದಿದೆಯೆಂದು ಎದ್ದು ಕೂರುತ್ತಾನೆ. ಸತ್ಯ ಅಡಗಿದ್ದುದು ಆ ಬರಿ ದಿನಗಳಲ್ಲಿಯೇ ಅಲ್ಲವೆ? ಆದ್ದರಿಂದ ‘ಇಂದು ಏನೂ ಕಾಣಲಿಲ್ಲ’ ಎಂಬ ಸಾಲು ನಾಚಿಕೆಯ ಸಾಲಲ್ಲ. ವಹಿಯಲ್ಲಿನ ಅತ್ಯಂತ ಬೆಲೆಯುಳ್ಳ ಸಾಲು ಅದೇ.

ಚಿಕ್ಕ ಮಕ್ಕಳು ಬರೆದದ್ದಕ್ಕೆ ಏನು ಬೆಲೆ ಎಂದು ಯಾರಾದರೂ ಕೇಳಬಹುದು. ಪಕ್ಷಿವಿಜ್ಞಾನಿ ಸಲೀಂ ಅಲಿಯವರ (1896–1987) ಬಾಲ್ಯವನ್ನು ನೋಡಿ. ಸುಮಾರು ಹತ್ತು ವರ್ಷದವರಿದ್ದಾಗ ಅವರು ಗಾಳಿ ಬಂದೂಕಿನಿಂದ ಗುಬ್ಬಿ ಹೊಡೆಯುತ್ತಿದ್ದರು. ಒಂದು ಗೂಡಿನ ಬಳಿ ಗಂಡು ಗುಬ್ಬಿಯನ್ನು ಹೊಡೆದರೆ ಹೆಣ್ಣಿಗೆ ಬೇಗನೆ ಇನ್ನೊಂದು ಗಂಡು ಜೊತೆಯಾಗುತ್ತಿತ್ತು. ಹೀಗೆ ಒಂದು ವಾರದಲ್ಲಿ 8 ಗಂಡು ಗುಬ್ಬಿಗಳನ್ನು ಹೊಡೆದುದನ್ನು ಆ ಹುಡುಗ ಕಂಡದ್ದು ಕಂಡಂತೆ ಬರೆದಿಟ್ಟ. ಸುಮಾರು 60 ವರ್ಷಗಳ ನಂತರ ಆ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬರೆಯುವಾಗ ಅದೊಂದು ಪೋರನ ಶಿಕಾರಿ ಲೆಕ್ಕ. ಅಚ್ಚಾಗುವಾಗ ಅದು ಗುಬ್ಬಿಯ ಸಂಸಾರದ ಬಗೆಗಿನ ಸಾಕ್ಷ್ಯ. ಬಂದೂಕು ಎಂದೋ ಮೂಲೆ ಸೇರಿತ್ತು, ಬರಹ ಬಾಳಿತು.

ಇನ್ನು ಬರೆಯುವ ಬಗೆ. ಇದಕ್ಕೆ 100 ಪುಟದ ಒಂದು ವಹಿ, ಒಂದು ಪೆನ್ಸಿಲು ಸಾಕು. ಮಳೆಯಲ್ಲಿ ನೆನೆದರೂ ಪೆನ್ಸಿಲಿನ ಬರಹ ಶಾಯಿಯಂತೆ ಹರಡುವುದಿಲ್ಲ. ಹೋದ ದಿನ, ಹೊರಟ ಹೊತ್ತು, ಮರಳಿದ ಹೊತ್ತು, ನಡೆದ ದಾರಿ, ಗಾಳಿಯ ದಿಕ್ಕು, ಮೋಡವೋ ಬಿಸಿಲೋ, ಜೊತೆಗೆ ಎಷ್ಟು ಜನ ಎಂಬುದನ್ನು ಮೊದಲು ಬರೆಯಬೇಕು. ಆಮೇಲೆ ಕಂಡ ಪ್ರಾಣಿ: ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು, ಏನು ಮೇಯುತ್ತಿದ್ದವು, ನಮ್ಮನ್ನು ಕಂಡು ಯಾವ ಕಡೆ ಓಡಿದವು. ಕಣ್ಣಾರೆ ಕಂಡದ್ದು ಬೇರೆ, ಕೂಗು ಕೇಳಿದ್ದು ಬೇರೆ, ಗೊರಸು ಮಾತ್ರ ಸಿಕ್ಕಿದ್ದು ಬೇರೆ, ದನ ಕಾಯುವವರು ಹೇಳಿದ್ದು ಬೇರೆ. ಈ ನಾಲ್ಕನ್ನೂ ಬೆರೆಸಕೂಡದು. ‘ಕಡವೆ ಇರಬಹುದು’ ಎಂದು ಬರೆಯುವುದರಲ್ಲಿ ತಪ್ಪಿಲ್ಲ. ‘ಇರಬಹುದು’ ಎಂಬುದನ್ನು ಅಳಿಸಿ ‘ಕಡವೆ’ ಎಂದಷ್ಟೇ ಉಳಿಸುವುದು ತಪ್ಪು.

ಗಡಿಭಾಗದ ನಮಗೆ ಇನ್ನೊಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ನಮಗೆ ಸಹಜ. ಕಡವೆಗೆ ಮರಾಠಿಯಲ್ಲಿ ಸಾಂಬರ, ಕಾಡುಕುರಿಗೆ ಭೇಕರ, ಚುಕ್ಕೆ ಜಿಂಕೆಗೆ ಚಿತಳ, ಕೃಷ್ಣಮೃಗಕ್ಕೆ ಕಾಳವೀಟ, ಮೊಲದಷ್ಟೇ ದೊಡ್ಡದಾದ ಕೂರಕ್ಕೆ ಪಿಸೋರಿ ಎನ್ನುತ್ತಾರೆ. ಎರಡೂ ಹೆಸರುಗಳನ್ನು ಬರೆದುಕೊಂಡರೆ ಅರಣ್ಯ ರಕ್ಷಕರೊಂದಿಗೂ ಮಾತಾಡಬಹುದು, ಅಜ್ಜ ಅಜ್ಜಿಯರನ್ನೂ ಕೇಳಬಹುದು. ಕೃಷ್ಣಮೃಗ ನಿಜವಾಗಿ ಕಡವೆಯ ಕುಲದ್ದಲ್ಲ ಎಂಬುದೂ ನೆನಪಿರಲಿ. ಕಡವೆ, ಚಿತಳಗಳ ಗಂಡಿಗೆ ಕವಲುಗೊಂಬು ಉದುರಿ ಮತ್ತೆ ಹುಟ್ಟುತ್ತದೆ. ಕೃಷ್ಣಮೃಗದ ತಿರುಚುಗೊಂಬು ಹುಟ್ಟಿದ ಮೇಲೆ ಉದುರುವುದಿಲ್ಲ. ಕೊಂಬು ಉದುರಿದ, ಚಿಗುರಿದ ತಿಂಗಳುಗಳನ್ನು ವರ್ಷ ವರ್ಷ ಗುರುತಿಸುವುದೇ ಒಂದು ಒಳ್ಳೆಯ ಅಭ್ಯಾಸ. ಉದುರಿದ ಕೊಂಬು ಕಂಡರೆ ಅಳತೆ ಬರೆದುಕೊಂಡು ಅಲ್ಲಿಯೇ ಬಿಡಬೇಕು. ಅದನ್ನು ಮನೆಗೆ ತರುವುದಕ್ಕೆ ಕಾಯ್ದೆಯ ಒಪ್ಪಿಗೆಯಿಲ್ಲ.

ಗಡಹಿಂಗ್ಲಜದ ಮಕ್ಕಳಿಗೆ ಆಜರಾ, ಚಂದಗಡದ ಕಾಡುಗಳು ಹತ್ತಿರ. ಇಚಲಕರಂಜಿಯಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆಯುವ ಮಕ್ಕಳಿಗೆ ಕಾಡೆಲ್ಲಿಯದು ಎನ್ನಬೇಡಿ. ನೆರೆಯ ಸಾಂಗಲಿ ಜಿಲ್ಲೆಯಲ್ಲಿ ಸಾಗರೇಶ್ವರವಿದೆ. ಬೋಳು ಗುಡ್ಡಗಳ ಮೇಲೆ ಮನುಷ್ಯರೇ ಗಿಡ ನೆಟ್ಟು ಬೆಳೆಸಿದ ಅಭಯಾರಣ್ಯವದು. ಕಡವೆ, ಚಿತಳ, ಕೃಷ್ಣಮೃಗ ಮೂರೂ ಅಲ್ಲಿವೆ. ಶಾಲೆಯ ಪ್ರವಾಸಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕೆ?

ಕೈಯಲ್ಲಿ ಮೊಬೈಲು ಇರುವಾಗ ವಹಿಯೇಕೆ ಎಂದು ಮಕ್ಕಳು ಕೇಳುತ್ತಾರೆ. ಫೋಟೋ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕಾಣದ ಜಿಂಕೆಯ ಫೋಟೋ ತೆಗೆಯಲಾಗದು. ಬರಿ ದಿನದ ಲೆಕ್ಕವನ್ನು ಬರಹವೇ ಇಡಬೇಕು. ಅಲ್ಲದೆ ಕಂಡ ಜಾಗವನ್ನು ಹೆಸರು ಸಮೇತ ಊರಿಗೆಲ್ಲ ಕಳಿಸಿದರೆ ಉರುಲು ಒಡ್ಡುವವರಿಗೆ ನಾವೇ ದಾರಿ ತೋರಿಸಿದಂತೆ. ಜಾಗದ ವಿವರ ವಹಿಯಲ್ಲಿರಲಿ, ಬೇಕಾದಾಗ ಅರಣ್ಯ ಇಲಾಖೆಗೆ ತಿಳಿಯಲಿ.

ಪಾಲಕರ ಅಂಜಿಕೆ ಬೇರೆ. ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿರುವಾಗ ಕಾಡು ಸುತ್ತುವುದೇ? ದಾರಿ ತಪ್ಪಿದರೆ ಗತಿಯೇನು? ಕಾಡುಕೋಣ ಎದುರಾದರೆ? ಈ ಅಂಜಿಕೆ ಸಕಾರಣವಾದದ್ದೇ. ಮಕ್ಕಳು ಒಬ್ಬೊಬ್ಬರೇ ಹೋಗಕೂಡದು. ಹಿರಿಯರ ಜೊತೆಗೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಹಗಲಿನಲ್ಲಿಯೇ ಹೋಗಿಬರಬೇಕು. ತಿಂಗಳಿಗೆ ಒಂದು ಸಲ ಹೋದರೂ ವರ್ಷಕ್ಕೆ 12 ಪುಟ ತುಂಬುತ್ತವೆ. ಆ 12 ಪುಟಗಳಲ್ಲಿ ಭಾಷೆಯ ಅಭ್ಯಾಸವಿದೆ, ಗಣಿತವಿದೆ, ಭೂಗೋಲವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾರೂ ನೋಡದಿರುವಾಗಲೂ ಸುಳ್ಳು ಬರೆಯದಿರುವ ರೂಢಿಯಿದೆ. ಆ ಗುಣಕ್ಕೆ ಯಾವ ಪರೀಕ್ಷೆಯೂ ಅಂಕ ಕೊಡುವುದಿಲ್ಲ. ಆದರೆ ಬಾಳಿನಲ್ಲಿ ಅದು ಉಪಯೋಗಕ್ಕೆ ಬರದ ದಿನವೂ ಇಲ್ಲ.

ರೈತ ಪಾಲಕರಿಗೆ ಒಂದು ಮಾತು. ಕಡವೆ, ಕಾಡುಕೋಣಗಳು ಬೆಳೆಗೆ ನುಗ್ಗಿದಾಗ ನಷ್ಟ ನಿಮ್ಮದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಪರಿಹಾರ ಕೇಳಲು ಹೋದಾಗ ಯಾವ ದಿನ, ಯಾವ ಗಟ್ ನಂಬರಿನ ಹೊಲ, ಎಷ್ಟು ಹಾನಿ ಎಂಬ ವಿವರಗಳೇ ಮುಖ್ಯ. ಮಗನೋ ಮಗಳೋ ಅಂದಂದಿನ ಗೊರಸು, ಹಾನಿಗಳನ್ನು ದಿನಾಂಕ ಹಾಕಿ ಬರೆದಿಟ್ಟಿದ್ದರೆ ಪಂಚನಾಮೆಯ ಹೊತ್ತಿಗೆ ನಿಮಗೆ ಆಧಾರವೊಂದು ಸಿಕ್ಕಂತೆ. ಕಾಡಿಗೂ ಹೊಲಕ್ಕೂ ಒಂದೇ ವಹಿ ನೆರವಾಗುತ್ತದೆ.

ಮಹಾರಾಷ್ಟ್ರದ ಅಭಯಾರಣ್ಯಗಳಲ್ಲಿ ಬುದ್ಧ ಪೌರ್ಣಿಮೆಯ ರಾತ್ರಿ ನೀರಿನ ಹೊಂಡದ ಬಳಿ ಮಚಾನಿನಲ್ಲಿ ಕುಳಿತು ಪ್ರಾಣಿಗಳನ್ನು ಎಣಿಸುವ ರೂಢಿಯಿದೆ. ಒಳ್ಳೆಯ ರೂಢಿಯೇ. ಆದರೆ ಅದು ವರ್ಷದ ಒಂದು ರಾತ್ರಿಯ ಮಾತು. ಉಳಿದ ದಿನಗಳ ಲೆಕ್ಕವನ್ನು ಕಾಡಿನ ಅಂಚಿನಲ್ಲಿ ಬದುಕುವ ನಾವಲ್ಲದೆ ಇನ್ನಾರು ಇಡಬೇಕು?

ಆದ್ದರಿಂದ ನಮ್ಮದೊಂದು ಸೂಚನೆ. ಪ್ರತಿ ಶಾಲೆಯ ಗ್ರಂಥಾಲಯದಲ್ಲಿ ಒಂದು ಹಲಗೆಯನ್ನು ಇಂಥ ವಹಿಗಳಿಗೆಂದೇ ಬಿಡಬೇಕು. ಶಾಲೆ ಬಿಟ್ಟು ಹೋಗುವ ವಿದ್ಯಾರ್ಥಿ ತನ್ನ ವಹಿಯ ಒಂದು ಪ್ರತಿಯನ್ನು ಅಲ್ಲಿಟ್ಟು ಹೋಗಲಿ. ಮುಂದಿನ ತರಗತಿಯವನು ಅದೇ ದಾರಿಯಲ್ಲಿ ನಡೆದು ಮುಂದಿನ ಪುಟ ಬರೆಯಲಿ. ಅರಸರ ಕಾಲದ ಹಿಂಡುಗಳು ಹೇಗೆ ಕರಗಿದವೆಂದು ವರ್ಷ ವರ್ಷದ ಲೆಕ್ಕ ಇಂದು ನಮ್ಮ ಕೈಯಲ್ಲಿಲ್ಲ. ನಮ್ಮ ಕಾಲದ ಹಿಂಡುಗಳ ಬಗ್ಗೆ ಮುಂದಿನವರು ಅದೇ ಮಾತನ್ನು ಹೇಳುವಂತಾಗದಿರಲಿ. ಮುಂದಿನ ಸಲ ಕಾಡಿಗೆ ಹೊರಡುವಾಗ ಬುತ್ತಿಯ ಜೊತೆಗೆ ವಹಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಜಿಂಕೆ ಕಂಡರೆ ಬರೆಯಿರಿ. ಕಾಣದಿದ್ದರೆ ಇನ್ನೂ ಮರೆಯದೆ ಬರೆಯಿರಿ.